ಅಕ್ಕನ ಪಾಳಿ

ಆ ವರ್ಷದ ಯುಗಾದಿಗೆ ಮಿಲ್ಲಿನ ಕೆಲಸವನ್ನು ನಾನು ಅಕ್ಕನಿಗೆ ಬಿಟ್ಟುಕೊಡಬೇಕಾಗಿತ್ತು. ಬಿಟ್ಟುಕೊಡಲಿಲ್ಲ. ತಪ್ಪು ಇಷ್ಟೇ, ಒಂದು ಸಾಲಿನದು. ಅದನ್ನು ಬರೆಯಲು ಇಷ್ಟು ವರ್ಷ ಹಿಡಿದದ್ದು ನನಗೆ ಬರೆಯಲು ಬಾರದ್ದಕ್ಕಲ್ಲ. ನಾನು ಏಳನೆಯ ಇಯತ್ತೆಯವರೆಗೆ ಮರಾಠಿ ಶಾಲೆಗೆ ಹೋದವಳು. ಕನ್ನಡದ ಅಕ್ಷರಗಳನ್ನು ಅಪ್ಪ ಊರಿನಿಂದ ತಂದ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಕಲಿಸಿದ್ದ. ಒಂದು ತಪ್ಪನ್ನು ಬರೆಯಲು ಅಷ್ಟು ಅಕ್ಷರ ಸಾಕು. ಆದರೆ ಕುಳಿತಾಗಲೆಲ್ಲ ನಾನು ತಪ್ಪನ್ನು ಬಿಟ್ಟು ಅದರ ಕಾರಣಗಳನ್ನೇ ಬರೆಯುತ್ತಿದ್ದೆ. ನನಗೆ ಆಗ ಇಪ್ಪತ್ತೆರಡು ವರ್ಷ, ಚೈತ್ರದ ಬಿಸಿಲು ಹೇಗಿರುತ್ತದೆ ಗೊತ್ತಲ್ಲ, ಅಕ್ಕನಿಗೆ ಹೊಲದ ಕೆಲಸ ಚೆನ್ನಾಗಿ ಬರುತ್ತಿತ್ತು, ಹೀಗೆ. ಕಾರಣಗಳು ಓದಲು ಚೆನ್ನಾಗಿರುತ್ತಿದ್ದವು, ಆಮೇಲೆ ಹರಿದುಹಾಕುತ್ತಿದ್ದೆ. ಈ ಸಲ ತಪ್ಪನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಇನ್ನು ಮನೆಯ ಕಥೆ ಹೇಳಬಹುದು.

ನಮ್ಮ ಮನೆ ನಾಗಪುರದ ಉತ್ತರಕ್ಕೆ, ಖಾಪರಖೇಡಾದಿಂದ ಸ್ವಲ್ಪ ಆಚೆ, ಒಂದು ಸಣ್ಣ ಊರಿನ ಅಂಚಿನಲ್ಲಿತ್ತು. ವಿಜಾಪುರ ಕಡೆಯಿಂದ ರೈಲು ಹಳಿ ಕೆಲಸಕ್ಕೆ ಬಂದ ಅಜ್ಜ ನಿವೃತ್ತನಾದ ಮೇಲೆ ಅಲ್ಲಿಯೇ ಎರಡೂವರೆ ಎಕರೆ ಎರಿಹೊಲ ಹಿಡಿದಿದ್ದ. ಅಜ್ಜನಿಗೆ ಹೊಲವೆಂದರೆ ಊರಿಗೆ ಹೋದಂತೆ, ಅಪ್ಪನಿಗೆ ಅದೇ ಊರು. ಹೆಂಚಿನ ಮನೆ, ಎರಡು ಖೋಲಿ. ಮುಂದಿನದರಲ್ಲಿ ಬೀಜದ ಗಡಿಗೆಗಳು, ಕುಂಟೆಯ ತಾಳು, ಹಗ್ಗ, ನಮ್ಮ ಹಾಸಿಗೆ. ಹಿಂದಿನದರಲ್ಲಿ ಒಲೆ, ನೀರಿನ ಹಂಡೆ, ಮೂಲೆಗೆ ದೇವರ ಜಗಲಿ. ಜಗಲಿಯ ಪಕ್ಕದ ಗೋಡೆಗೆ ಒಂದು ಮೊಳೆ. ಆ ಮೊಳೆಯ ಸಂಗತಿ ಮುಂದೆ ಬರುತ್ತದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಎತ್ತುಗಳು ಇಲ್ಲಿಯ ಸಂತೆಯಲ್ಲಿ ಕೊಂಡವು, ಅವಕ್ಕೆ ಕನ್ನಡ ತಿಳಿಯುವುದಿಲ್ಲವೆಂದು ಅಪ್ಪ ಅವನ್ನು ಮರಾಠಿಯಲ್ಲಿ ಬಯ್ಯುತ್ತಿದ್ದ. ನಮ್ಮನ್ನು ಬಯ್ಯಬೇಕಾದರೆ ಕನ್ನಡ. ಹೊಲದಲ್ಲಿ ನಿಂತರೆ ದಕ್ಷಿಣಕ್ಕೆ ವಿದ್ಯುತ್ ಕೇಂದ್ರದ ಚಿಮಣಿಗಳು ಕಾಣುತ್ತಿದ್ದವು. ರಾಶಿಯ ದಿನಗಳಲ್ಲಿ ಅಪ್ಪ ಬೆಳಗ್ಗೆ ಎದ್ದು ಮೊದಲು ಆ ಹೊಗೆಯನ್ನು ನೋಡುತ್ತಿದ್ದ. ಹೊಗೆ ನೆಟ್ಟಗೆ ಮೇಲಕ್ಕೆ ಹೋದರೆ ಅವತ್ತು ಗಾಳಿ ಇಲ್ಲ, ತೂರುವುದು ಬೇಡ. ಪೂರ್ವಕ್ಕೆ ಬಾಗಿದರೆ ಕಣದ ಯಾವ ಬದಿಗೆ ನಿಲ್ಲಬೇಕೆಂದು ಅಲ್ಲಿಂದಲೇ ಕೈಮಾಡಿ ಹೇಳುತ್ತಿದ್ದ. ಅಷ್ಟು ದೊಡ್ಡ ಕಾರಖಾನೆಯಿಂದ ನಮ್ಮ ಹೊಲಕ್ಕೆ ಆಗುತ್ತಿದ್ದ ಉಪಯೋಗ ಅದೊಂದೇ ಎಂದು ಅವ್ವ ನಗುತ್ತಿದ್ದಳು.

ಹೊಲ ಇದ್ದವರು ಯಾಕೆ ಕೂಲಿಗೆ ಹೋದಿರಿ ಎಂದು ಈಗಲೂ ಜನ ಕೇಳುತ್ತಾರೆ. ಹೊಲ ಕೈಕೊಟ್ಟಿರಬೇಕು ಎಂದು ಅವರ ಎಣಿಕೆ. ಹೊಲ ಕೈಕೊಡಲಿಲ್ಲ. ತೊಗರಿ, ಬಿಳಿಜೋಳ, ಒಂದಿಷ್ಟು ಹತ್ತಿ ವರ್ಷವೂ ಕೊಡುತ್ತಿತ್ತು. ತೊಂದರೆ ಬೇರೆಯದು. ಎರಡೂವರೆ ಎಕರೆ ಕಳೆ ತೆಗೆಯುವಾಗ ನಾಲ್ವರಿಗೂ ಮೈತುಂಬ ಕೆಲಸ ಹಚ್ಚುತ್ತದೆ, ರಾಶಿ ಮುಗಿದ ಮೇಲೆ ಇಬ್ಬರಿಗೂ ಕೆಲಸ ಕೊಡುವುದಿಲ್ಲ. ಅದು ಕೊಡುವುದು ವರ್ಷಕ್ಕೊಮ್ಮೆ, ಒಂದೇ ಸಲ. ಮನೆ ಕೇಳುವುದು ವಾರ ವಾರ. ಸಾಬೂನು, ಸೀಮೆಎಣ್ಣೆ, ಅವ್ವನ ದಮ್ಮಿನ ಗುಳಿಗೆ ಇವು ಯಾವುವೂ ಸುಗ್ಗಿಯವರೆಗೆ ಕಾಯುವಂಥವಲ್ಲ. ನಾಲ್ಕು ಜನ ಉಣ್ಣುವವರು, ವರ್ಷದ ಎಂಟು ತಿಂಗಳು ಇಬ್ಬರಿಗಾಗುವಷ್ಟು ದುಡಿಮೆ. ಉಳಿದಿಬ್ಬರು ಕಟ್ಟೆಯ ಮೇಲೆ ಕುಳಿತು ಇದ್ದ ಕೆಲಸವನ್ನೇ ಹಂಚಿಕೊಂಡು ಮಾಡಬೇಕು. ನಮ್ಮ ಸುತ್ತಲಿನ ಸಣ್ಣ ಹೊಲದವರೆಲ್ಲ ಹೀಗೆಯೇ ಒಬ್ಬರನ್ನು ಹೊರಗೆ ಕಳಿಸುತ್ತಿದ್ದರು. ಹೊಲ ಬಿಡಲಿಕ್ಕೆಂದು ಹೋದವರು ಕಡಿಮೆ. ಬಹಳ ಮಂದಿ ಹೊಲ ಉಳಿಸಿಕೊಳ್ಳಲಿಕ್ಕೆಂದೇ ಹೋದರು.

ಮೊದಲು ಹೊರಗೆ ಹೋದದ್ದು ಅಪ್ಪನೇ. ಒಬ್ಬ ಗುತ್ತಿಗೆದಾರನ ಕೈಕೆಳಗೆ ಚೀಲ ಹೊರುವ ಕೆಲಸ. ಚಳಿಗಾಲ, ಬೇಸಿಗೆ ಸರಿಯಾಗಿಯೇ ಹೋಯಿತು. ಬಿತ್ತನೆಗೆ ಬೇಕಾದ ಮಿರಗದ ಮಳೆ ಒಂದು ಮಂಗಳವಾರ ಬಿತ್ತು. ಅವನಿಗೆ ರಜೆ ಸಿಕ್ಕಿದ್ದು ಭಾನುವಾರ. ಅಕ್ಕಪಕ್ಕದ ಹೊಲಗಳೆಲ್ಲ ಅಷ್ಟರಲ್ಲಿ ಬಿತ್ತನೆ ಮುಗಿಸಿದ್ದವು. ನಮ್ಮ ಹೊಲದ ಮೇಲುಮಣ್ಣು ಆರಿ ಹಕ್ಕಳೆಗಟ್ಟಿತ್ತು. ಆದರೂ ಬಿತ್ತಿದ. ಆ ವರ್ಷದ ತೊಗರಿ ಹಲ್ಲು ಬಿದ್ದ ಮುದುಕಿಯ ಬಾಯಿಯಂತೆ ಅಲ್ಲೊಂದು ಇಲ್ಲೊಂದು ಎದ್ದಿತು. ಅಪ್ಪ ಬದುವಿನ ಮೇಲೆ ನಿಂತು ಅದನ್ನು ಬಹಳ ಹೊತ್ತು ನೋಡಿದ. ಮರುದಿನ ಕೆಲಸಕ್ಕೆ ಹೋಗಲಿಲ್ಲ. ಅವ್ವ ಕೇಳಿದ್ದಕ್ಕೆ ಹೇಳಿದ:

“ಬಿತ್ತಾವನ ಕಿವ್ಯಾಗ ಇನ್ನೊಬ್ಬರ ಭೋಂಗಾ ಇರಬಾರದು. ನಾ ಇಲ್ಲೇ ಇರತೀನಿ. ಹುಡಿಗ್ಯಾರು ಬ್ಯಾಳಿ ಮಿಲ್ಲಿಗೆ ಹೋಗಲಿ.”

ಭೋಂಗಾ ಅಂದರೆ ಪಾಳಿಗೆ ಕೂಗುವ ಸೈರನ್ನು. ಈ ಮಾತಿಗೆ ಅವ್ವ ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಅವಳ ಸಿಟ್ಟೆಲ್ಲ ನಮ್ಮ ಮೂಲಕ ಹೋಗುತ್ತಿತ್ತು. ನಿಮ್ಮಪ್ಪನಿಗೆ ಊಟಕ್ಕೆ ಬಾ ಅನ್ನಿರಿ, ನಿಮ್ಮಪ್ಪನಿಗೆ ನೀರು ಕಾದಿದೆ ಅನ್ನಿರಿ. ಅಪ್ಪ ಎರಡು ಮಾರು ದೂರದಲ್ಲೇ ಕುಳಿತಿರುತ್ತಿದ್ದ. ನಾವು ಹೇಳುವ ಮೊದಲೇ ಏಳುತ್ತಿದ್ದ, ಅವ್ವ ಅದಕ್ಕೂ ಸಿಟ್ಟಾಗುತ್ತಿದ್ದಳು. ಮೂರನೆಯ ದಿನ ರೊಟ್ಟಿ ಬಡಿಯುತ್ತಲೇ ಅವಳು ಬಾಯಿಬಿಟ್ಟಳು:

“ಹೊಲ ಇದ್ದವರ ಮನಿ ಹೆಣಮಕ್ಕಳು ಇನ್ನೊಬ್ಬರ ಕಾಳು ಹಸನ ಮಾಡಾಕ ಹೋಗತಾರಂದ್ರ ಮಂದಿ ಏನಂದಾರು?”

“ನಮ್ಮ ತೊಗರಿನೂ ಅಲ್ಲಿಗೇ ಹೋಗತೈತಿ. ನಮ್ಮ ಕಾಳಽ ಹಸನ ಮಾಡಾಕತ್ತಾರಂತ ತಿಳಕೋ.”

ಅವ್ವನಿಗೆ ನಗು ಬಂತು. ನಗು ಬಂದಮೇಲೆ ಮಾತು ಬಿಟ್ಟಿರಲು ಬರುವುದಿಲ್ಲ.

ಕೆಲಸ ನಾಗಪುರದಲ್ಲಿ, ಕಳಮನಾ ಕಡೆಯ ಒಂದು ದಾಲ್ ಮಿಲ್ಲಿನಲ್ಲಿ. ನಮ್ಮ ಊರಿನ ಕೌಸಲ್ಯಾಬಾಯಿ ಅಲ್ಲಿ ಹೆಂಗಸರ ಕೆಲಸ ನೋಡಿಕೊಳ್ಳುವ ಮುಕಾದಮಳಾಗಿದ್ದಳು. ಅವಳ ಕೈಯಲ್ಲಿ ಒಂದು ಜಾಗ ಖಾಲಿ ಇತ್ತು, ನಾವು ಇಬ್ಬರು. ಅಕ್ಕ ಕಸ್ತೂರಿಗೆ ಇಪ್ಪತ್ತು ವರ್ಷ, ನನಗೆ ಹದಿನೆಂಟು. ಯಾರನ್ನು ಕಳಿಸಬೇಕೆಂದು ಅಪ್ಪ ಒಂದು ವಾರ ಯೋಚಿಸಿದ, ಆಮೇಲೆ ಪಾಳಿ ಕಟ್ಟಿದ. ಆ ಸೀಮೆಯಲ್ಲಿ ವರ್ಷದ ಆಳುಗಳು ಯುಗಾದಿಗೆ ಒಂದು ಮನೆ ಬಿಟ್ಟು ಇನ್ನೊಂದು ಮನೆ ಸೇರುವುದು ರೂಢಿ. ಅದೇ ಲೆಕ್ಕದಲ್ಲಿ ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಒಬ್ಬಳು ಮಿಲ್ಲಿಗೆ, ಒಬ್ಬಳು ಹೊಲಕ್ಕೆ. ಯಾವಾಗಲೂ ಒಬ್ಬಳೇ ಹೊರಗೆ, ಒಬ್ಬಳೇ ಒಳಗೆ ಆದರೆ ಒಂದು ಮನೆ ಎರಡು ಮನೆಯಾಗುತ್ತದೆ ಎಂದು ಅವನ ಹೆದರಿಕೆ. ಒಬ್ಬಳ ಕೈಯಲ್ಲಿ ಬರೀ ರೊಕ್ಕ, ಒಬ್ಬಳ ಕೈಯಲ್ಲಿ ಬರೀ ಮಣ್ಣು ಇದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಮರೆಯುತ್ತೀರಿ ಎಂದು ನಮಗೆ ಬಿಡಿಸಿ ಹೇಳಿದ. ಹಾಗೆ ನೋಡಿದರೆ ನಾನು ಮುಂದೆ ಏನು ಮಾಡಬಲ್ಲೆನೆಂದು ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು.

ಮಿಲ್ಲಿನಲ್ಲಿ ಪ್ರತಿ ಜಾಗಕ್ಕೂ ಒಂದು ತಗಡಿನ ಬಿಲ್ಲೆ, ಅದರ ಮೇಲೆ ನಂಬರು. ಬಾಗಿಲಲ್ಲಿ ಬಿಲ್ಲೆ ತೋರಿಸಿದರೆ ಒಳಗೆ. ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಅತ್ತೆಯ ಬದಲು ಸೊಸೆ, ತಾಯಿಯ ಬದಲು ಮಗಳು ಬರುವುದು ಅಲ್ಲಿ ದಿನದ ಮಾತು. ಎಲ್ಲ ಹೆಂಗಸರೂ ಸಣ್ಣ ಹೊಲದ ಮನೆಗಳಿಂದ ಬಂದವರು, ಒಬ್ಬಳ ಮನೆಯಲ್ಲಿ ಕಳೆ ತೆಗೆಯುವುದಿದ್ದರೆ ಇನ್ನೊಬ್ಬಳು ಬರುತ್ತಿದ್ದಳು. ನಮ್ಮದು ಇಪ್ಪತ್ತಾರು. ನಾನು ಹೋದರೂ ಸವ್ವೀಸ್, ಅಕ್ಕ ಹೋದರೂ ಸವ್ವೀಸ್. ಯುಗಾದಿಯ ಬೆಳಗ್ಗೆ ಬೇವು ಕುಡಿದ ಮೇಲೆ ಅಪ್ಪ ಜಗಲಿಯ ಪಕ್ಕದ ಮೊಳೆಯಿಂದ ಬಿಲ್ಲೆ ತೆಗೆದು, ಕುಂಕುಮ ಹಚ್ಚಿ, ಪಾಳಿ ಇದ್ದವಳ ಕೈಗೆ ಕೊಡುತ್ತಿದ್ದ. ಪಾಳಿ ಮುಗಿಸಿದವಳ ಕೈಗೆ ಕಳೆ ತೆಗೆಯುವ ಕುರ್ಪಿ. ಅವ್ವನದೊಂದು ಪದ್ಧತಿ ಬೇರೆ ಇತ್ತು. ಬಿಲ್ಲೆ ಇದ್ದವಳು ಬಸ್ಸು ಇಳಿದು ನಡೆದು ಬರುವ ಹೊತ್ತಿಗೆ ಸರಿಯಾಗಿ ಒಲೆ ಹೊತ್ತಿಸಿ, ಮೊದಲ ಬಿಸಿ ರೊಟ್ಟಿಯನ್ನು ಅವಳ ತಾಟಿಗೆ ಹಾಕುತ್ತಿದ್ದಳು. ಆಮೇಲೆ ಅಪ್ಪ, ಆಮೇಲೆ ಹೊಲದವಳು. ಹೊಲದಲ್ಲಿ ದುಡಿದವರ ಹಸಿವೇನು ಕಡಿಮೆ ಎಂದು ಅಪ್ಪ ಚೇಷ್ಟೆ ಮಾಡಿದರೆ, ಹೊರಗಿನಿಂದ ಬಂದವರು ಬೀಗರಿದ್ದಂತೆ ಅನ್ನುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಮರುದಿನದ ಬುತ್ತಿಯೂ ಅದೇ. ಮಿಲ್ಲಿನ ಹೆಂಗಸರು ನಮ್ಮ ಪುಂಡಿಯನ್ನು ಅಂಬಾಡಿ ಅನ್ನುತ್ತಿದ್ದರು, ಶೇಂಗಾಹಿಂಡಿಗೆ ಕೈಯೊಡ್ಡುತ್ತಿದ್ದರು.

ಮೊದಲ ವರ್ಷ ಅಕ್ಕ ಹೋದಳು, ಎರಡನೆಯ ವರ್ಷ ನಾನು, ಮೂರನೆಯ ವರ್ಷ ಮತ್ತೆ ಅಕ್ಕ. ಕೆಲಸ ಇಬ್ಬರಿಗೂ ಒಂದೇ. ಕಿಟಕಿಯ ಬಳಿ ಸಾಲಾಗಿ ಕುಳಿತು ಬೇಳೆಯಲ್ಲಿಯ ಹರಳು, ಒಡೆಯದ ಕಾಳು ಆರಿಸುವುದು, ಎಣ್ಣೆ ಹಚ್ಚಿದ ತೊಗರಿಯನ್ನು ಮಾಳಿಗೆಯ ಮೇಲೆ ಹರವುವುದು. ಯಂತ್ರಗಳು ಗೋಡೆಯ ಆಚೆ, ಅಲ್ಲಿ ಗಂಡಸರೇ. ಶನಿವಾರ ಎತ್ತುಗಳಿಗೆಂದು ಒಂದು ಗಂಟು ಹೊಟ್ಟು ಸಿಗುತ್ತಿತ್ತು. ನನಗೆ ಅಲ್ಲಿ ಬಹಳ ಹಿಡಿಸಿದ್ದು ಮಾತು. ಬಸ್ಸಿನ ಕಿಟಕಿ, ಹೆಂಗಸರ ನಗೆಚಾಟಿಕೆ, ಮಧ್ಯಾಹ್ನದ ಬುತ್ತಿಯ ಸುತ್ತ ಹತ್ತು ಮನೆಗಳ ಸುದ್ದಿ. ಅಕ್ಕ ಮಾತು ಕಡಿಮೆಯವಳು. ಅವಳು ಅಲ್ಲಿ ಕೇಳಿಸಿಕೊಂಡದ್ದು ಬೇರೆ. ಮೂರನೆಯ ವರ್ಷದ ಒಂದು ದಿನ ಬೇಳೆ ಆರಿಸುತ್ತ ಕುಳಿತವಳು ಎದ್ದು ಹೋಗಿ, ಗೋಡೆಯಾಚೆಯ ಚಾಳಣಿಯಲ್ಲಿ ಹರಳು ಸಿಕ್ಕಿದೆ, ನಿಲ್ಲಿಸಿ ಎಂದು ಯಂತ್ರದ ಮಿಸ್ತ್ರಿಗೆ ಹೇಳಿದಳಂತೆ. ಚಾಳಣಿ ಎಂದರೆ ಬೇಳೆ ಸೋಸುವ ದೊಡ್ಡ ಜರಡಿ ಯಂತ್ರ. ಮಿಸ್ತ್ರಿ ನಕ್ಕ. ಆದರೂ ನಿಲ್ಲಿಸಿ ನೋಡಿದ, ಹರಳು ಇತ್ತು. ಎರಡನೆಯ ಸಲ ನಗದೆ ನಿಲ್ಲಿಸಿದ. ಮೂರನೆಯ ಸಲ ಅವನೇ ಬಂದು, ಗಾಲಿ ತಿರುಗಿಸುವ ಪಟ್ಟಾ ಬದಲಿಸಿದ್ದೇನೆ, ಸದ್ದು ಸರಿಯಿದೆಯೇ ಕೇಳು ಎಂದು ಅವಳನ್ನು ಕರೆದೊಯ್ದ. ಆ ಮಿಲ್ಲಿನಲ್ಲಿ ಯಂತ್ರದ ಮೇಲೆ ಹೆಂಗಸರು ನಿಂತವರೇ ಇರಲಿಲ್ಲ.

ಇದನ್ನು ಅಕ್ಕ ನನಗೆ ಹೇಳಿದ್ದು ಯುಗಾದಿಯ ಹಿಂದಿನ ದಿನ, ಬೇವಿನ ಹೂ ಆರಿಸುವಾಗ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಯಂತ್ರ ಬರೆದು ತೋರಿಸಿದಳು. ಮೂರು ಜರಡಿ, ಒಂದರ ಕೆಳಗೊಂದು, ಮೇಲಿನದರ ತೂತು ದೊಡ್ಡದು, ಪಕ್ಕಕ್ಕೆ ಗಾಲಿ. ಅವಳು ಅಷ್ಟು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

“ಮಿಸ್ತ್ರಿ ಹೇಳ್ಯಾನ. ಮುಂದಿನ ಪಾಳಿಗೆ ಬಂದಾಗ ಚಾಳಣಿ ಮ್ಯಾಲ ನಿಲ್ಲಸತೀನಿ ಅಂದಾನ. ಒಂದಽ ವರ್ಷದ ಮಾತು, ಶಾಂತಾ. ಅಲ್ಲಿತನಕ ನೀ ಬರೋಬರ್ ನೋಡಕೋತ ಇರು, ಯಾವ್ಯಾವ ಪಟ್ಟಾ ಬದಲ ಮಾಡತಾರ, ನನಗ ಹೇಳು.”

ಹೇಳುತ್ತೇನೆ ಅಂದೆ. ನಾಲ್ಕನೆಯ ವರ್ಷದ ಪಾಳಿ ನನ್ನದು. ಸಂಜೆ ನಾನು ಮೊದಲ ರೊಟ್ಟಿ ಮುರಿಯುವಾಗ ಅಕ್ಕ ಕೈಕಾಲು ತೊಳೆದು ಬಂದು ಎದುರಿಗೆ ಕೂರುತ್ತಿದ್ದಳು. ಹೊಸ ಜರಡಿ ಹಾಕಿದರೇನು, ಗಾಲಿ ಈಗಲೂ ಕಿರುಗುಟ್ಟುತ್ತದೇನು, ಮಿಸ್ತ್ರಿ ಏನಂದ. ನಾನು ನೋಡಿರುತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳುತ್ತಿದ್ದೆ, ಅವಳು ಅದನ್ನು ನಂಬಿ ಯೋಚಿಸುತ್ತಿದ್ದಳು. ಒಮ್ಮೆ ಗಾಲಿಗೆ ಎಣ್ಣೆ ಹಾಕಿದರು ಎಂದು ಸುಮ್ಮನೆ ಹೇಳಿದ್ದಕ್ಕೆ, ಎರಡು ದಿನದ ಮೇಲೆ ಕಳೆ ತೆಗೆಯುತ್ತಿದ್ದವಳು ನಿಂತು, ಎಣ್ಣೆ ಹಾಕಿದರೆ ಸದ್ದು ಸಣ್ಣದಾಗಬೇಕಲ್ಲ, ಆಯಿತೇನು ಎಂದು ಕೇಳಿದಳು.

ಯುಗಾದಿಗೆ ಇನ್ನು ಎಂಟು ದಿನ ಇದ್ದಾಗ ಮಿಲ್ಲಿನಲ್ಲಿ ಹೊಸ ಹುಕುಂ ಬಂತು. ಮಾಲೀಕರ ಮಗ ವ್ಯವಹಾರ ಕೈಗೆ ತೆಗೆದುಕೊಂಡಿದ್ದ. ಇನ್ನು ಬಿಲ್ಲೆ ಇಲ್ಲ, ಫೋಟೋ ಇರುವ ಪಾಸು. ಬಿಲ್ಲೆ ಒಪ್ಪಿಸಬೇಕು, ಯಾರ ಫೋಟೋ ಇದೆಯೋ ಅವರೇ ಬರಬೇಕು. ಅಂಗಳದಲ್ಲಿ ಚೀಲಗಳ ಒಟ್ಟಿಲಿಗೆ ಒಂದು ಬಿಳಿ ಹಾಸು ಕಟ್ಟಿ, ಮುಂದೊಂದು ಸ್ಟೂಲು ಹಾಕಿದ್ದರು. ಫೋಟೋದವನು ಕ್ಯಾಮೆರಾ ಒರೆಸುತ್ತ ನಿಂತಿದ್ದ. ಹೆಂಗಸರು ತಲೆಗೆ ನೀರು ಹಚ್ಚಿಕೊಂಡು ಒಬ್ಬರ ಕುಂಕುಮ ಒಬ್ಬರು ಸರಿಮಾಡುತ್ತಿದ್ದರು. ಮನೆಯಲ್ಲಿ ಎರಡೆರಡು ಜನ ಬರುವವರ ಹತ್ತಿರ ಕೌಸಲ್ಯಾಬಾಯಿ ಬಂದು ಬಂದು ಕೇಳುತ್ತಿದ್ದಳು. ಮೂವತ್ತೊಂದರ ಸೊಸೆ, ನಾಳೆ ಅತ್ತೆಯನ್ನು ಕಳಿಸುತ್ತೇನೆ, ನಾನು ಬಸುರಿ ಎಂದು ಹೇಳಿ ಸಾಲು ಬಿಟ್ಟು ಹೋದಳು. ಕೌಸಲ್ಯಾಬಾಯಿ ನನ್ನ ಹತ್ತಿರವೂ ಬಂದಳು. ಫೋಟೋದವನು ನಾಳೆಯೂ ಬರುತ್ತಾನೆ, ಅಕ್ಕನದಾದರೆ ನಾಳೆ ಅವಳನ್ನು ಕರೆದುಕೊಂಡು ಬಾ, ಒಮ್ಮೆ ಅಂಟಿಸಿದ ಮೇಲೆ ಬದಲಾಗುವುದಿಲ್ಲ ಎಂದು ಬಿಡಿಸಿ ಹೇಳಿ, ಮರಾಠಿಯಲ್ಲಿ ಕೇಳಿದಳು:

“ಸವ್ವೀಸ್, ತುಝಾ ಕೀ ಬಹಿಣೀಚಾ?”

ನಿನ್ನದೋ, ಅಕ್ಕನದೋ. ಇಷ್ಟು ಸ್ಪಷ್ಟವಾಗಿ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಎಂಟು ದಿನ ಕಳೆದರೆ ಬಿಸಿಲಲ್ಲಿ ಹತ್ತಿಕಟ್ಟಿಗೆ ಕೀಳಬೇಕಾಗಿತ್ತು. ಅಂಗೈ ಸುಲಿದು ಉಪ್ಪುನೀರಲ್ಲಿ ಅದ್ದುವ ದಿನಗಳು. ಬಸ್ಸಿನ ಕಿಟಕಿ ನೆನಪಾಯಿತು. ಅಕ್ಕ ಅಂಗಳದಲ್ಲಿ ಬರೆದ ಮೂರು ಜರಡಿಗಳೂ ನೆನಪಾದವು. ಮರೆತಿದ್ದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

“ಮಾಝಾಚ,” ಅಂದೆ. ನನ್ನದೇ.

ಸ್ಟೂಲಿನ ಮೇಲೆ ಕುಳಿತೆ. ಬಿಲ್ಲೆಯನ್ನು ಒಂದು ಡಬ್ಬಿಗೆ ಹಾಕಿಸಿಕೊಂಡರು, ಉಳಿದ ಬಿಲ್ಲೆಗಳ ಮೇಲೆ ಬಿದ್ದು ಸದ್ದಾಯಿತು. ನಾಲ್ಕು ದಿನದಲ್ಲಿ ಪಾಸು ಕೈಗೆ ಬಂತು. ಮನೆಯಲ್ಲಿ ಹೇಳಲಿಲ್ಲ. ಪಾಸನ್ನು ಬುತ್ತಿಯ ಚೀಲದ ತಳದಲ್ಲಿಟ್ಟುಕೊಂಡು ಹೋಗಿ ಬಂದೆ. ಪಾಳಿಯ ವರ್ಷ ಬಿಲ್ಲೆ ನಮ್ಮ ಹತ್ತಿರವೇ ಇರುತ್ತಿದ್ದದ್ದರಿಂದ ಮೊಳೆ ಖಾಲಿ ಇದ್ದದ್ದು ಯಾರಿಗೂ ವಿಶೇಷವೆನಿಸಲಿಲ್ಲ. ಯುಗಾದಿಯ ಹಿಂದಿನ ಸಂಜೆ ತಂದು ತೂಗುಹಾಕುವುದು ವಾಡಿಕೆ. ಆ ಸಂಜೆ ನಾನು ಹಾಕಲಿಲ್ಲ.

ಬೆಳಗ್ಗೆ ಅಕ್ಕ ನನಗಿಂತ ಮೊದಲು ಎದ್ದು ಎರೆದುಕೊಂಡು, ಮಿಲ್ಲಿಗೆ ಉಡುವ ಹಸಿರು ಸೀರೆ ಉಟ್ಟಿದ್ದಳು. ಬೇವು ಕುಡಿದೆವು. ಅಪ್ಪ ಮೊಳೆಯ ಕಡೆ ಕೈಹಾಕಿದ. ಏನೂ ಇರಲಿಲ್ಲ. ತಿರುಗಿ ನನ್ನ ಮುಂದೆ ಕೈಯೊಡ್ಡಿದ. ನಾನು ಪಾಸು ತೆಗೆದು ಅವನ ಕೈಯಲ್ಲಿಟ್ಟೆ. ಬಿಲ್ಲೆ ರದ್ದಾದ ಸಂಗತಿ, ಫೋಟೋದ ಸಂಗತಿ ಎಲ್ಲ ಹೇಳಿದೆ. ಒಂದನ್ನು ಬಿಟ್ಟು ಎಲ್ಲ ಖರೆಯೇ ಹೇಳಿದೆ. ಅಪ್ಪ ಆ ಒಂದನ್ನೇ ಕೇಳಿದ:

“ನಿಮ್ಮನ್ನ ಕೇಳಲಿಲ್ಲೇನು, ಯಾರದು ತಗೀಬೇಕಂತ?”

“ಯಾರನ್ನೂ ಕೇಳಲಿಲ್ಲಪ್ಪ. ಅವತ್ತು ಯಾರಿದ್ದರೋ ಅವರದು ತಗದರು.”

“ನಾ ಕೌಸಲ್ಯಾಬಾಯಿಗೆ ಒಂದ ಮಾತು ಕೇಳಿ ಬರಲೇನು?”

ಅವಳ ಮನೆ ಹನ್ನೆರಡನೆಯದು, ನಮ್ಮ ಓಣಿಯಲ್ಲೇ. ಮಾಲೀಕರ ಹುಕುಂ, ಕೇಳಿ ಏನು ಮಾಡುತ್ತಿ ಎಂದು ಏನೇನೋ ಅಂದೆ. ಅಪ್ಪ ಚಪ್ಪಲಿ ಹುಡುಕುತ್ತಿದ್ದ. ತಡೆದವಳು ಅಕ್ಕ.

“ಬಿಡಪ್ಪ, ಹಬ್ಬದ ದಿನ ಇನ್ನೊಬ್ಬರ ಮನಿಗೆ ಹೋಗಿ ಜಗಳಾ ಯಾಕ.”

ಪಾಸನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

“ಚಲೋ ಬಂದೈತಿ. ಕಣ್ಣ ಅಷ್ಟ ಮುಚ್ಚಿದಾಂಗ ಆಗ್ಯಾವ.”

ಅಪ್ಪ ಕುರ್ಪಿ ತರಲು ಮುಂದಿನ ಖೋಲಿಗೆ ಹೋಗುವಷ್ಟರಲ್ಲಿ ಅವಳೇ ಹೋಗಿ ಮೂಲೆಯಿಂದ ಅದನ್ನು ಎತ್ತಿಕೊಂಡಳು. ಹಸಿರು ಸೀರೆ ಬದಲಿಸಿ ಬಂದು ಹೂರಣ ರುಬ್ಬಲು ಕುಳಿತಳು. ಅವತ್ತಿನಿಂದ ಯಂತ್ರದ ಸುದ್ದಿಯನ್ನು ಅವಳು ನನ್ನನ್ನು ಎಂದೂ ಕೇಳಲಿಲ್ಲ. ಬಯ್ದಿದ್ದರೆ ಬಹುಶಃ ನಾನು ಅದೇ ವಾರ ನಿಜ ಹೇಳಿಬಿಡುತ್ತಿದ್ದೆ. ಇದೂ ಒಂದು ಕಾರಣವೇ, ಹರಿದುಹಾಕಬೇಕಾದದ್ದು.

ಮಿಲ್ಲಿನಲ್ಲಿ ಮಿಸ್ತ್ರಿ ಒಂದು ದಿನ ಕೇಳಿದ, ಎರಡನೆಯ ಸವ್ವೀಸ್ ಎಲ್ಲಿ, ಈ ವರ್ಷ ಬರಬೇಕಾಗಿತ್ತಲ್ಲ ಎಂದು. ಅವಳಿಗೆ ಹೊಲವೇ ಇಷ್ಟ ಎಂದು ಹೇಳಿದೆ. ಹಾಗಾದರೆ ಅವಳ ತಂಗಿ ನೀನು, ನಿನಗೂ ಕಿವಿ ಇರಬೇಕು ಎಂದು ನನ್ನನ್ನು ಚಾಳಣಿಯ ಬಳಿ ನಿಲ್ಲಿಸಿದ. ಎರಡು ದಿನ ನಿಂತೆ. ನನಗೆ ಕೇಳಿಸಿದ್ದು ಒಂದೇ ಗದ್ದಲ. ಎರಡನೆಯ ದಿನ ಹರಳು ಸಿಕ್ಕು ಜರಡಿ ಹರಿಯಿತು. ಮಿಸ್ತ್ರಿ ನನ್ನನ್ನು ಮತ್ತೆ ಕಿಟಕಿಯ ಸಾಲಿಗೆ ಕಳಿಸಿದ. ಅಲ್ಲಿಯೇ ಮುಂದೆ ಎಂಟು ವರ್ಷ ಕುಳಿತೆ.

ಹೊಲದಲ್ಲಿ ಉಳಿದವಳಾದರೂ ಅಕ್ಕನಿಗೆ ಹೊಲದಲ್ಲೇ ಇರಲಾಗಲಿಲ್ಲ. ರಾಶಿ ಮುಗಿದ ಮೇಲಿನ ತಿಂಗಳುಗಳು ಖಾಲಿಯೇ ಇದ್ದವು, ಮನೆ ವಾರ ವಾರ ಕೇಳುವುದು ನಿಂತಿರಲಿಲ್ಲ. ಅವ್ವನ ದಮ್ಮು ಹೆಚ್ಚಾಗಿತ್ತು. ಬೇಸಿಗೆಯಲ್ಲಿ ಅಕ್ಕ ಹತ್ತಿರದ ಇಟ್ಟಿಗೆ ಭಟ್ಟಿಗೆ ಹೋಗತೊಡಗಿದಳು. ಅಲ್ಲಿ ಬಿಲ್ಲೆ ಇಲ್ಲ, ಪಾಸಿಲ್ಲ, ತಲೆ ಇದ್ದರೆ ಸಾಕು. ಸಂಜೆ ನಾನು ಬಸ್ಸಿಳಿದು ಬರುವ ಹೊತ್ತಿಗೆ ಅವಳೂ ಬರುತ್ತಿದ್ದಳು, ಹುಬ್ಬಿನವರೆಗೆ ಕೆಂಪು ಧೂಳು. ಒಂದು ಸಂಜೆ ಅವ್ವ ಅವಳ ಮುಖ ನೋಡಿ ಮೊದಲ ರೊಟ್ಟಿಯನ್ನು ಅವಳ ತಾಟಿನ ಕಡೆ ತಂದಳು. ಅಕ್ಕ ತಾಟು ಹಿಂದಕ್ಕೆಳೆದು ನಗುತ್ತ ಅಂದಳು:

“ಪಾಸ ಇದ್ದಾಕಿಗೆ ಹಾಕವ್ವ. ಆಕಿ ಬೀಗತಿ, ನಾ ಮನಿಯಾಕಿ.”

ಎಲ್ಲರೂ ನಕ್ಕರು. ನಾನೂ ನಕ್ಕು ರೊಟ್ಟಿ ತಿಂದೆ. ಅವಳ ನಗೆಯಲ್ಲಿ ಕೊಂಕು ಇತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ಮುಂದೆ ಇಬ್ಬರಿಗೂ ಮದುವೆಯಾಯಿತು. ಅಕ್ಕನ ಗಂಡ ನಮ್ಮ ಹೊಲಕ್ಕೇ ಬಂದ, ಬಿತ್ತನೆಯಿಲ್ಲದ ತಿಂಗಳು ಆಟೋ ಓಡಿಸುತ್ತಾನೆ. ಭಟ್ಟಿಯ ವರ್ಷಗಳಿಂದ ಅಕ್ಕನಿಗೆ ಕತ್ತು ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಯಾರಾದರೂ ಆ ಕಡೆಯಿಂದ ಕರೆದರೆ ಇಡೀ ಮೈ ತಿರುಗಿಸುತ್ತಾಳೆ. ನನ್ನ ಗಂಡನದು ನಾಗಪುರದ ಮನೀಶ್ ನಗರದಲ್ಲಿ ಹಿಟ್ಟಿನ ಗಿರಣಿ, ಅವರು ಹೊರಗೆ ಹೋದಾಗ ನಡೆಸುವವಳು ನಾನು. ಅಪ್ಪ ತೀರಿಕೊಂಡ. ಅವನ ಕೊನೆಯ ಹದಿನೈದು ದಿನ ನಾನು ಪಕ್ಕದಲ್ಲೇ ಇದ್ದೆ. ಹೇಳಬೇಕೆಂದು ಬಾಯಿಯವರೆಗೆ ಬರುತ್ತಿತ್ತು. ಯಾರಾದರೂ ಇದ್ದೇ ಇರುತ್ತಿದ್ದರು, ಅವ್ವ, ಅಳಿಯಂದಿರು, ಊರಿನವರು. ಎಲ್ಲರೂ ಹೋಗಲಿ ಎಂದು ಕಾಯುತ್ತ ಕಾಯುತ್ತ ಅಪ್ಪನೇ ಹೋದ. ಆಮೇಲೆ ಅವ್ವನೂ.

ಹೋದ ಯುಗಾದಿಗೆ ಮುಂಚೆ ಅಕ್ಕ ಹೊಸ ಜೋಳ ಬೀಸಿಸಿಕೊಳ್ಳಲು ಗಿರಣಿಗೆ ಬಂದಿದ್ದಳು. ಬೆಳಗಿನ ಹತ್ತು ಗಂಟೆ. ಪ್ರತಾಪ ನಗರದಿಂದ ಬರುವ ಬ್ಯಾಂಕಿನವರ ಹೆಂಡತಿ, ಮೈಸೂರು ಕಡೆಯವರು, ರಾಗಿಯ ಡಬ್ಬಿ ಹಿಡಿದು ಸರದಿಗೆ ಕಾಯುತ್ತಿದ್ದರು. ರಾಗಿಯನ್ನು ಗೋಧಿಯ ಜೊತೆ ಬೆರೆಸದೆ ಬೀಸಿಕೊಡುವವಳು ನಾನೊಬ್ಬಳೇ ಎಂದು ಅಷ್ಟು ದೂರ ಬರುತ್ತಾರೆ. ಅಕ್ಕ ಚೀಲಗಳ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ನಾನು ಅವಳ ಜೋಳ ಸುರಿದು ಗಿರಣಿ ಹಚ್ಚಿದೆ. ಹತ್ತು ವರ್ಷದಿಂದ ಕೇಳುತ್ತಿರುವ ಸದ್ದು. ಅರ್ಧ ಚೀಲ ಆಗಿರಬೇಕು, ಅವಳು ಬಟ್ಟಲು ಕೆಳಗಿಟ್ಟಳು.

“ನಿಲ್ಲಸು, ಶಾಂತಾ. ಹರಳು ಬಂದೈತಿ.”

ನನಗೆ ಏನೂ ಕೇಳಿಸಿರಲಿಲ್ಲ. ಬಟನ್ ಒತ್ತಿದೆ. ಪಟ್ಟಾ ನಿಧಾನವಾಗಿ ನಿಂತಿತು. ಅಕ್ಕ ಎದ್ದು ಬಂದು ಕಾಳು ಸುರಿಯುವ ಬುಟ್ಟಿಯೊಳಗೆ ಕೈಯಾಡಿಸಿ, ಕಲ್ಲಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ಒಂದು ಕರಿಯ ಹರಳನ್ನು ತೆಗೆದು, ಹಿಟ್ಟು ಊದಿ, ನನ್ನ ಅಂಗೈಯಲ್ಲಿಟ್ಟಳು. ತೊಗರಿಕಾಳಿನಷ್ಟಿತ್ತು. ಏನೂ ದೊಡ್ಡ ಕೆಲಸ ಮಾಡಿದವಳಂತೆ ಇರಲಿಲ್ಲ ಅವಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಹಚ್ಚು ಇನ್ನು, ಪಾಪ ಅವರು ಕಾಯುತ್ತಿದ್ದಾರೆ ಅಂದಳು. ನಾನು ಹಚ್ಚಲಿಲ್ಲ.

“ನಿಧಾನವಾಗಿ ಆಗಲಿ ಬಿಡಿ, ನನಗೇನೂ ಅವಸರ ಇಲ್ಲ,” ಅಂದರು ರಾಗಿಯವರು.

ಈ ಊರಿನಲ್ಲಿ ನಾಲ್ಕು ಜನರ ನಡುವೆ ನಿಂತು ಕನ್ನಡದಲ್ಲಿ ಏನು ಮಾತಾಡಿದರೂ ಯಾರಿಗೂ ತಿಳಿಯುವುದಿಲ್ಲ. ಅವತ್ತು ಹಾಗಿರಲಿಲ್ಲ. ಅವರಿಗೆ ಒಂದೊಂದು ಮಾತೂ ತಿಳಿಯುತ್ತಿತ್ತು. ರಾಗಿ ಬೀಸಿಕೊಟ್ಟು ಅವರನ್ನು ಕಳಿಸಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಹಾಗೆ ಎಷ್ಟು ಜನ ಹೋಗಲಿ ಎಂದು ಕಾದಿದ್ದೆನೆಂಬುದು ಅಷ್ಟರಲ್ಲೇ ಹೊಳೆಯಿತು. ಹರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, ಅವರು ನೋಡುತ್ತಿದ್ದಂತೆಯೇ ಹೇಳಿದೆ:

“ಅಕ್ಕಾ, ಅವತ್ತು ಕೌಸಲ್ಯಾಬಾಯಿ ಕೇಳಿದ್ಳು. ಫೋಟೋ ನಿಂದೋ ನಿಮ್ಮಕ್ಕಂದೋ ಅಂತ ಕೇಳಿದ್ಳು. ನಾಳೆ ಕರಕೊಂಡ ಬಾ ಅಂದ್ಳು. ನಾ ನಂದಽ ಅಂದೆ. ಮನ್ಯಾಗ ಬಂದು ಯಾರೂ ಕೇಳಲಿಲ್ಲಂತ ಸುಳ್ಳು ಹೇಳಿದೆ. ಪಾಳಿ ನಿಂದಿತ್ತು. ಚಾಳಣಿ ನಿಂದಿತ್ತು. ನಂದು ತಪ್ಪಾತು, ಅಕ್ಕಾ.”